ಯೆಜ್ಡಿಗೆ ಮನೆಯಲ್ಲೇ ಬ್ಲಾಕ್-ಪಿಸ್ಟನ್ ಕೆಲಸ: ನನ್ನ ಅನುಭವ

ನನ್ನದು 1982ರ ಯೆಜ್ಡಿ 250. ಮೈಸೂರಿನ ಯಾದವಗಿರಿಯ ಐಡಿಯಲ್ ಜಾವಾ ಫ್ಯಾಕ್ಟರಿಯ ಗಾಡಿ. ಫ್ಯಾಕ್ಟರಿ 1996ರಲ್ಲೇ ಬಾಗಿಲು ಹಾಕಿತು, ಆದರೆ ಈ ಊರಲ್ಲಿ ಯೆಜ್ಡಿ ಬಿಚ್ಚುವ ಕೈಗಳಿಗೆ ಇನ್ನೂ ಬರ ಬಂದಿಲ್ಲ. ಹಾಗಿದ್ದೂ ನಾನೇ ಸ್ಪ್ಯಾನರ್ ಹಿಡಿದಿದ್ದಕ್ಕೆ ಒಂದು ಕಾರಣ ಇದೆ. ಕಿಕ್ ಹೊಡೆದರೆ ಕಂಪ್ರೆಷನ್ ಇರಲಿಲ್ಲ, ತಣ್ಣಗಿದ್ದಾಗ ಪಿಸ್ಟನ್ ಟಕಟಕ ಅನ್ನುತ್ತಿತ್ತು. ಗ್ಯಾರೇಜಿಗೆ ಒಯ್ದರೆ, ಹೆಡ್ ಕೂಡ ಬಿಚ್ಚದೆ "75 ಹಾಕ್ಬಿಡೋಣ ಸರ್" ಅಂದರು. ಅಳೆಯದೆ 75 ಅಂತ ಹೇಗೆ ಗೊತ್ತಾಯ್ತು?

ಇದು ಸಣ್ಣ ವಿಷಯ ಅಲ್ಲ. ಈ ಇಂಜಿನ್‌ನ ಬೋರ್ (ಪಿಸ್ಟನ್ ಓಡಾಡುವ ಕೊಳವೆಯ ಅಗಲ) 65 ಮಿ.ಮೀ., ಸ್ಟ್ರೋಕ್ (ಪಿಸ್ಟನ್ ಓಡುವ ದೂರ) 75 ಮಿ.ಮೀ. ಬೋರ್ ಸವೆದರೆ ಅದನ್ನು ಕೊರೆದು ದೊಡ್ಡ ಪಿಸ್ಟನ್ ಹಾಕಬೇಕು. ಪಿಸ್ಟನ್ ಓವರ್‌ಸೈಜ್ ಸಿಗುವುದು ಕಾಲು ಮಿಲಿಮೀಟರ್ ಲೆಕ್ಕದಲ್ಲಿ: 25, 50, 75, 100, ಅಂದರೆ 0.25ರಿಂದ 1 ಮಿ.ಮೀ.ವರೆಗೆ. ಒಂದೊಂದು ಸಲ ಬೋರ್ ಮಾಡಿಸಿದಾಗಲೂ ಬ್ಲಾಕ್‌ನ ಆಯುಸ್ಸು ಒಂದು ಮೆಟ್ಟಿಲು ಇಳಿಯುತ್ತದೆ. ಕೊರೆದ ಕಬ್ಬಿಣ ವಾಪಸ್ ಬರುವುದಿಲ್ಲ. ಹಳೇ ಒರಿಜಿನಲ್ ಬ್ಲಾಕ್ ಸುಮ್ನೆ ಮೂರು ಮೆಟ್ಟಿಲು ಜಾರಿಸಲು ನನಗೆ ಮನಸ್ಸಿರಲಿಲ್ಲ.

ಬಿಚ್ಚುವುದು ನಿಜಕ್ಕೂ ಸುಲಭ. ಇದು ಟೂ ಸ್ಟ್ರೋಕ್. ವಾಲ್ವ್ ಇಲ್ಲ, ಟೈಮಿಂಗ್ ಚೈನ್ ಇಲ್ಲ, ಹೆಡ್ ಅಂದರೆ ಬರೀ ಒಂದು ಮುಚ್ಚಳ. ಪೆಟ್ರೋಲ್ ಟ್ಯಾಂಕ್, ಕಾರ್ಬುರೇಟರ್, ಎರಡು ಸೈಲೆನ್ಸರ್ ತೆಗೆದೆ. ಇಂಜಿನ್ ಚಾಸಿಸ್‌ನಿಂದ ಇಳಿಸಲಿಲ್ಲ. ಕಾಟ ಕೊಡುವುದು ಸೈಲೆನ್ಸರ್ ನಟ್ ಮಾತ್ರ. ಅದಕ್ಕೆ ಕೊಕ್ಕೆ ಸ್ಪ್ಯಾನರ್ರೇ ಬೇಕು. ಉಳಿ, ಸುತ್ತಿಗೆಯಲ್ಲಿ ಹೊಡೆದು ಹಲ್ಲು ಮುರಿದ ನಟ್‌ಗಳನ್ನು ಎಷ್ಟೋ ಗಾಡಿಯಲ್ಲಿ ನೋಡಿದ್ದೇನೆ. ರಾತ್ರಿ ಡೀಸೆಲ್ ಬಿಟ್ಟು ಬೆಳಗ್ಗೆ ಕೈ ಹಾಕಿದರೆ ಮಾತು ಕೇಳುತ್ತದೆ.

ಬ್ಲಾಕ್ ಎತ್ತಿದ ತಕ್ಷಣ ಕ್ರ್ಯಾಂಕ್‌ಕೇಸ್ ಬಾಯಿಗೆ ಬಟ್ಟೆ ತುರುಕಿ. ಪಿಸ್ಟನ್ ಪಿನ್ ಲಾಕ್ ಒಳಗೆ ಬಿದ್ದರೆ ಅರ್ಧ ದಿನದ ಕೆಲಸ ಪೂರ್ತಿ ಇಂಜಿನ್ ಕೆಲಸ ಆಗುತ್ತದೆ. ಪಿಸ್ಟನ್ ತೆಗೆಯುವ ಮೊದಲು ಮುಂದಿನ ಕಡೆ ಯಾವುದು ಅಂತ ಗುರುತು ಹಾಕಿ. ಆಮೇಲೆ ಕನೆಕ್ಟಿಂಗ್ ರಾಡ್ ಹಿಡಿದು ನೇರ ಮೇಲೆ ಕೆಳಗೆ ಎಳೆದು ನೋಡಿ. ಪಕ್ಕಕ್ಕೆ ಸ್ವಲ್ಪ ಆಟ ಇರುವುದು ಸಹಜ. ಮೇಲೆ ಕೆಳಗೆ ಆಟ ಇದ್ದರೆ ಬಿಗ್ ಎಂಡ್ (ರಾಡಿನ ಕೆಳತುದಿಯ ಬೇರಿಂಗ್) ಹೋಗಿದೆ ಅಂತ. ಆಗ ಹೊಸ ಪಿಸ್ಟನ್ ಹಾಕುವುದು ದುಡ್ಡಿಗೆ ದಂಡ. ನನ್ನದು ಗಟ್ಟಿಯಾಗಿತ್ತು.

ಇನ್ನು ಅಳತೆ. ಬೋರ್ ಗೇಜ್ ಮನೆಯಲ್ಲಿ ಯಾರಿಗೂ ಇರುವುದಿಲ್ಲ. ಹಳೇ ಪಿಸ್ಟನ್ ರಿಂಗ್ ಮತ್ತು ಫೀಲರ್ ಗೇಜ್ (ಸಂದು ಅಳೆಯುವ ತೆಳು ತಗಡುಗಳು) ಸಾಕು. ರಿಂಗನ್ನು ಬೋರ್ ಒಳಗಿಟ್ಟು, ಓರೆಯಾಗದಂತೆ ಪಿಸ್ಟನ್ ತಲೆಯಿಂದ ತಳ್ಳಿ, ರಿಂಗಿನ ಎರಡು ತುದಿಗಳ ನಡುವಿನ ಬಾಯಿ ಎಷ್ಟು ತೆರೆದಿದೆ ನೋಡಬೇಕು. ಮೊದಲು ರಿಂಗ್ ಯಾವತ್ತೂ ಓಡಾಡದ ಕೆಳಭಾಗದಲ್ಲಿ: ನನಗೆ 0.50 ಮಿ.ಮೀ. ಬಂತು. ಆಮೇಲೆ ಮೇಲಿನ ಅಂಚಿನ ಸ್ವಲ್ಪ ಕೆಳಗೆ, ಉಗುರಿಗೆ ಮೆಟ್ಟಿಲು ಸಿಗುವ ಜಾಗದಲ್ಲಿ: 1.05. ವ್ಯತ್ಯಾಸ 0.55. ಇದು ಸುತ್ತಳತೆಯ ಲೆಕ್ಕ, ವ್ಯಾಸಕ್ಕೆ ತರಲು 3.14ರಿಂದ ಭಾಗಿಸಿದರೆ ಹತ್ತಿರತ್ತಿರ 0.17. ಅಂದರೆ ಬೋರ್ ಅಲ್ಲಿ 0.17 ಮಿ.ಮೀ. ಅಗಲ ಆಗಿದೆ. ಪಿಸ್ಟನ್ ತಲೆ ಮೇಲೆ ಯಾವ ಓವರ್‌ಸೈಜ್ ನಂಬರೂ ಇರಲಿಲ್ಲ. ಹಾಗಾದರೆ 25 ಸಾಕಲ್ವಾ? ಸವೆತ ಸುತ್ತಲೂ ಒಂದೇ ಥರ ಇದ್ದರೆ ಸಾಕು. ಆದರೆ ಸವೆತ ಜಾಸ್ತಿ ಆಗುವುದು ಹಿಂದೆ ಮುಂದೆ, ಪಿಸ್ಟನ್ ಒತ್ತುವ ಕಡೆ. ಬೋರಿಂಗ್ ಶಾಪಿನ ಗೇಜ್ ಕೂಡ ಅದನ್ನೇ ತೋರಿಸಿತು. 25ಕ್ಕೆ ಕೊರೆದರೆ ಒಂದು ಕಡೆ ಹಳೇ ಕಲೆ ಉಳಿಯುತ್ತಿತ್ತು. 50 ಸರಿ. 75 ಬೇಕಾಗೇ ಇರಲಿಲ್ಲ.

ಬೋರಿಂಗ್ ಶಾಪಿನ ಹಿರಿಯರು ಬ್ಲಾಕ್ ನೋಡುವ ಮೊದಲೇ ಕೇಳಿದ್ದು, "ಪಿಸ್ಟನ್ ಎಲ್ಲಿ ಸ್ವಾಮಿ? ಬರೀ ಬ್ಲಾಕ್ ಕೊಟ್ರೆ ನಾನೇನ್ ಮಾಡ್ಲಿ?" ಇಂಥವರು ಸಿಕ್ಕರೆ ಬಿಡಬೇಡಿ. ಬೆಂಗಳೂರಿನ ಜೆ.ಸಿ. ರೋಡಿನಿಂದ ತಂದ ಪಿಸ್ಟನ್ ಕೊಟ್ಟೆ. ಡಬ್ಬಿ ಮೇಲೆ 65.50 ಅಂತ ಇತ್ತು. ಮೈಕ್ರೋಮೀಟರ್ ಹಿಡಿದರೆ 65.44. ಮೋಸ ಏನಲ್ಲ, ಪಿಸ್ಟನ್ ಮತ್ತು ಬೋರ್ ನಡುವೆ ಬೇಕಾದ ಗ್ಯಾಪನ್ನು ಪಿಸ್ಟನ್‌ನಲ್ಲೇ ಬಿಟ್ಟಿರುತ್ತಾರೆ. ಡಬ್ಬಿ ನಂಬಿ ಅದರ ಮೇಲೆ ಇನ್ನೊಂದು ಗ್ಯಾಪ್ ಕೊಟ್ಟರೆ ಹೊಸ ಇಂಜಿನ್ನೇ ಟಕಟಕ ಅನ್ನುತ್ತದೆ. ಪಿಸ್ಟನ್ ಅಳೆಯುವ ಜಾಗವೂ ಮುಖ್ಯ: ಸ್ಕರ್ಟ್‌ನ ಕೆಳಗೆ, ಪಿನ್‌ಗೆ ಅಡ್ಡಲಾಗಿ. ಪಿಸ್ಟನ್ ಪೂರ್ತಿ ದುಂಡಗೂ ಇರಲ್ಲ, ಮೇಲಿಂದ ಕೆಳಗೆ ಒಂದೇ ದಪ್ಪವೂ ಇರಲ್ಲ. ಒಂದು ಇಂಚು ಬೋರ್‌ಗೆ ಒಂದು ಥೌ (ಇಂಚಿನ ಸಾವಿರದ ಒಂದು ಭಾಗ) ಗ್ಯಾಪ್ ಅನ್ನುವುದು ಹಳೇ ಲೆಕ್ಕ. ನಮ್ಮದು ಎರಡೂವರೆ ಇಂಚಿಗಿಂತ ಚೂರು ಜಾಸ್ತಿ. ಗಾಳಿಯಲ್ಲೇ ತಣ್ಣಗಾಗುವ ಇಂಜಿನ್ ಅಂತ 0.07 ಮಿ.ಮೀ. ಬಿಡಿಸಿದೆ. ಬೋರ್ 65.51ಕ್ಕೆ ನಿಂತಿತು. ಸಿಸಿ ಲೆಕ್ಕ ಹಾಕಿದರೆ 249ರಿಂದ ಸುಮಾರು 253. ಆರ್‌ಸಿ ಬುಕ್ಕಿಗೆ ಹೇಳಬೇಡಿ.

ಬ್ಲಾಕ್ ಮನೆಗೆ ಬಂದಾಗ ಕನ್ನಡಿ ಥರ ಹೊಳೆಯುತ್ತಿರಬಾರದು. ಒಳಗೆ ಅಡ್ಡಡ್ಡ ಸಣ್ಣ ಗೆರೆಗಳಿರಬೇಕು. ಎಣ್ಣೆ ನಿಲ್ಲುವುದು ಅಲ್ಲೇ.

ಬೋರ್ ಕೊರೆದಾಗ ಪೋರ್ಟ್‌ಗಳ (ಬೋರ್ ಗೋಡೆಯಲ್ಲಿ ಗಾಳಿ, ಹೊಗೆ ಹಾಯುವ ಕಿಟಕಿಗಳು) ಅಂಚು ಬ್ಲೇಡಿನ ಹಾಗೆ ಚೂಪಾಗುತ್ತದೆ. ಹೆಚ್ಚಿನವರು ನೋಡದೇ ಬಿಡುವ ಜಾಗ ಇದು. ರಿಂಗ್ ಪ್ರತಿ ಸಲ ಆ ಕಿಟಕಿಗಳನ್ನು ದಾಟುವಾಗ ಕೂದಲಷ್ಟು ಹೊರಗೆ ಉಬ್ಬುತ್ತದೆ. ಅಂಚು ಚೂಪಾಗಿದ್ದರೆ ರಿಂಗನ್ನು ಕೆರೆಯುತ್ತದೆ, ಸಿಕ್ಕಿಹಾಕಿಕೊಂಡರೆ ಮುರಿದೇ ಹಾಕುತ್ತದೆ. ಸಣ್ಣ ಅರ್ಧ ದುಂಡಿನ ಅರ ತೆಗೆದುಕೊಂಡೆ. ಅಂಚಿಗೆ 45 ಡಿಗ್ರಿ ಓರೆ ಕೊಟ್ಟು, ಬೋರ್ ಕಡೆಯಿಂದ ಪೋರ್ಟ್ ಕಡೆಗೆ ಮಾತ್ರ ಎಳೆದೆ. ಅರ್ಧ ಮಿಲಿಮೀಟರ್ ಸಾಕು. ಪೋರ್ಟ್‌ನ ಮೇಲಂಚು, ಕೆಳಅಂಚಿಗೆ ಹೆಚ್ಚು ಗಮನ ಕೊಡಬೇಕು. ಕೊನೆಗೆ ಎಣ್ಣೆ ಹಚ್ಚಿದ ಸಣ್ಣ ಎಮರಿ ಪೇಪರ್. ಕಿರುಬೆರಳು ಆಡಿಸಿದರೆ ಎಲ್ಲೂ ತಡೆಯಬಾರದು.

ಆಮೇಲೆ ಬಿಸಿನೀರು, ಪಾತ್ರೆ ತೊಳೆಯುವ ಸೋಪು, ಬ್ರಷ್. ಪೆಟ್ರೋಲ್‌ನಲ್ಲಿ ತೊಳೆದರೆ ಹೋನಿಂಗ್ (ಬೋರ್ ಒಳಗೆ ಆ ಗೆರೆ ಎಳೆಯುವ ಉಜ್ಜುವಿಕೆ) ಪುಡಿ ಪೂರ್ತಿ ಹೋಗುವುದಿಲ್ಲ. ಎಣ್ಣೆ ಹಾಕಿದ ಬಿಳಿ ಬಟ್ಟೆಯಲ್ಲಿ ಒರೆಸಿ ನೋಡಿ. ಬೂದು ಬಣ್ಣ ಬಂದರೆ ಮತ್ತೆ ತೊಳೆಯಿರಿ. ಮನೆಯವರು ಬಚ್ಚಲಿನಿಂದ ಕೂಗಿದರೂ ಇದನ್ನು ಅರ್ಧಕ್ಕೆ ಬಿಡಬಾರದು. ಒಣಗಿದ ಕೂಡಲೇ ಎಣ್ಣೆ ಸವರಿ, ಬೀಡು ಕಬ್ಬಿಣ ನೋಡನೋಡುತ್ತಲೇ ತುಕ್ಕು ಹಿಡಿಯುತ್ತದೆ.

ಹೊಸ ರಿಂಗ್ ಬಾಯಿ 0.25 ಮಿ.ಮೀ. ಇತ್ತು. ಸರಿಯಾಗಿದೆ. ರಾಡಿನ ಮೇಲ್ತುದಿಯಲ್ಲಿ ಪಿನ್ ಕೂರುವ ಸ್ಮಾಲ್ ಎಂಡ್ ಬುಷ್ ಸವೆದಿತ್ತು, ಹೊಸದು ಒತ್ತಿಸಿ ಪಿನ್ ಅಳತೆಗೆ ರೀಮ್ ಮಾಡಿಸಿದೆ. ಎಣ್ಣೆ ಹಾಕಿದ ಪಿನ್ ಹೆಬ್ಬೆರಳ ಒತ್ತಿಗೆ ಹೋಗಬೇಕು, ಆದರೆ ಅಲ್ಲಾಡಬಾರದು. ಪಿಸ್ಟನ್‌ಗೆ ಪಿನ್ ಕೂರಿಸುವಾಗ ಸುತ್ತಿಗೆ ಬೇಡ. ಪಿಸ್ಟನ್ ಬಿಸಿ ಮಾಡಿ, ತಾನಾಗಿ ಜಾರುತ್ತದೆ. ಲಾಕ್‌ಗಳು ಯಾವಾಗಲೂ ಹೊಸವು.

ಪೇಪರ್ ಪ್ಯಾಕಿಂಗನ್ನು ಬ್ಲಾಕ್ ಮೇಲಿಟ್ಟು ನೋಡಿದರೆ ಟ್ರಾನ್ಸ್‌ಫರ್ ದಾರಿಗೆ (ಕ್ರ್ಯಾಂಕ್‌ಕೇಸ್‌ನಿಂದ ಪೆಟ್ರೋಲ್-ಗಾಳಿ ಮೇಲೆ ಹೋಗುವ ದಾರಿ) ಒಂದಿಷ್ಟು ಅಡ್ಡ ಬರುತ್ತಿತ್ತು. ಬ್ಲೇಡಿನಲ್ಲಿ ಕತ್ತರಿಸಿ ಸರಿ ಮಾಡಿದೆ. ಪಿಸ್ಟನ್ ಮೇಲೆ ರಿಂಗ್ ಕೂರುವ ತೋಡಿನಲ್ಲಿ ಒಂದೊಂದು ಸಣ್ಣ ಮೊಳೆ ಇರುತ್ತದೆ, ರಿಂಗ್ ಬಾಯಿ ಅದರ ಮೇಲೇ ಕೂರಬೇಕು. ಇಲ್ಲದಿದ್ದರೆ ರಿಂಗ್ ತಿರುಗಿ ಬಾಯಿ ಪೋರ್ಟ್‌ಗೆ ಸಿಗುತ್ತದೆ. ಪಿಸ್ಟನ್ ಕೆಳಗೆ ಎರಡು ಮರದ ಪಟ್ಟಿ ಕೊಟ್ಟು, ರಿಂಗನ್ನು ಬೆರಳಲ್ಲಿ ಒತ್ತಿ ಹಿಡಿದು ಬ್ಲಾಕ್ ಇಳಿಸಿದೆ. ಇಲ್ಲಿ ಬಲ ಬೇಕಾಯ್ತು ಅಂದರೆ ಅಲ್ಲೇ ನಿಲ್ಲಿಸಿ, ರಿಂಗ್ ಮೊಳೆಯಿಂದ ಜಾರಿದೆ. ಹೆಡ್ ಕ್ರಾಸ್ ಆಗಿ, ಸ್ವಲ್ಪ ಸ್ವಲ್ಪವೇ ಬಿಗಿ ಮಾಡಿದೆ. ಒಂದು ಸಲ ಬಿಸಿಯಾಗಿ ಪೂರ್ತಿ ತಣ್ಣಗಾದ ಮೇಲೆ ಇನ್ನೊಮ್ಮೆ.

ರನ್ನಿಂಗ್-ಇನ್‌ಗೆ ಲೀಟರ್‌ಗೆ 50 ಎಂ.ಎಲ್. ಟೂಟಿ (ಟೂ ಸ್ಟ್ರೋಕ್) ಆಯಿಲ್ ಪೆಟ್ರೋಲಿಗೆ ಹಾಕಿದೆ, ಈಗ 40. ನಂಜನಗೂಡು ರಸ್ತೆ ಇದಕ್ಕೆ ಚೆನ್ನ, ಸಮತಟ್ಟು. ಒಂದೇ ಸ್ಪೀಡಲ್ಲಿ ಎಳೆಯದೆ ಆಕ್ಸಿಲರೇಟರ್ ಏರಿಸಿ ಇಳಿಸಿ ಓಡಿಸಿದೆ. ಚಾಮುಂಡಿ ಬೆಟ್ಟ ಮಾತ್ರ ಬೇಡ. ಹತ್ತುವುದಕ್ಕಿಂತ ಇಳಿಯುವುದೇ ಅಪಾಯ. ಆಕ್ಸಿಲರೇಟರ್ ಮುಚ್ಚಿ ಗೇರ್‌ನಲ್ಲಿ ಇಳಿದರೆ ಇಂಜಿನ್ ಜೋರಾಗಿ ತಿರುಗುತ್ತಿರುತ್ತದೆ, ಪೆಟ್ರೋಲ್ ಹೋಗಲ್ಲ. ಪೆಟ್ರೋಲ್ ಇಲ್ಲ ಅಂದರೆ ಅದರ ಜೊತೆ ಹೋಗುವ ಎಣ್ಣೆಯೂ ಇಲ್ಲ. ಹೊಸ ಪಿಸ್ಟನ್ ಹಿಡ್ಕೊಳ್ಳುವುದು ಹೀಗೆ.

ಟಕಟಕ ಹೋಗಿದೆ, ಕಿಕ್ಕರ್ ಮೇಲೆ ಭಾರ ಬಿಟ್ಟರೂ ಒಂದು ಕ್ಷಣ ತಡೆದು ನಿಲ್ಲುತ್ತದೆ. ಪ್ಲಗ್ ಮಾತ್ರ ಇನ್ನೂ ಬಿಳಿಚಿಕೊಂಡಿದೆ, ಅಂದರೆ ಪೆಟ್ರೋಲ್ ಸಾಲುತ್ತಿಲ್ಲ. ಈಗಿನ ಎಥೆನಾಲ್ ಪೆಟ್ರೋಲ್‌ಗೆ ಕಾರ್ಬುರೇಟರ್‌ನ ಹಳೇ ಜೆಟ್ (ಪೆಟ್ರೋಲ್ ಬಿಡುವ ತೂತು) ಸಣ್ಣದಾಗುತ್ತದೆ. ಒಂದು ಸೈಜ್ ದೊಡ್ಡ ಮೇನ್ ಜೆಟ್ ತಂದಿಟ್ಟಿದ್ದೇನೆ. ಅದನ್ನು ಹಾಕಿ, ಪ್ಲಗ್ ಕಾಫಿಪುಡಿ ಬಣ್ಣಕ್ಕೆ ತಿರುಗುವವರೆಗೂ ಗಾಡಿ 50 ಕಿ.ಮೀ. ಸ್ಪೀಡ್ ದಾಟಿಸುವುದಿಲ್ಲ.