ನೀರು ತುಂಬಿದ ಖಣಿಯಲ್ಲಿ ಸ್ಕೂಬಾ: ಮೊದಲು ಸೀಸ ತೂಗಿ

ಇಳಕಲ್ ಸುತ್ತ ಕೆಂಪು ಗ್ರಾನೈಟ್ ತೆಗೆದು ಬಿಟ್ಟ ಖಣಿಯಲ್ಲಿ ನೀರು ನಿಂತರೆ ಅಲ್ಲಿ ತೆರೆ ಇಲ್ಲ, ಸೆಳವಿಲ್ಲ. ಅಷ್ಟಕ್ಕೇ ಸಮುದ್ರಕ್ಕಿಂತ ಸಲೀಸು ಅಂದುಕೊಂಡರೆ ಕೆಟ್ಟಿತು. ನೇತ್ರಾಣಿ ದ್ವೀಪದಲ್ಲೋ ಮಹಾರಾಷ್ಟ್ರ ಕರಾವಳಿಯ ಮಾಲ್ವಣದಲ್ಲೋ ಸ್ಕೂಬಾದ ಮೊದಲ ಹಂತವಾದ ಓಪನ್ ವಾಟರ್ ಕೋರ್ಸ್ ಪೂರ್ತಿ ಮುಗಿಸಿ ಕಾರ್ಡ್ ಪಡೆದವರಷ್ಟೇ ಡೈವಿಂಗ್ ಕ್ಲಬ್ಬಿನ ಜತೆ ಇಳಿಯಬೇಕು. ಗೈಡ್ ಕೈಹಿಡಿದು ಅರ್ಧ ತಾಸು ಮೀನು ತೋರಿಸಿದ್ದು ಲೆಕ್ಕಕ್ಕಿಲ್ಲ.

ಪಾಳುಬಿದ್ದ ಖಣಿಗೂ ಮಾಲೀಕ ಇರುತ್ತಾನೆ. ಬರಹದಲ್ಲಿ ಒಪ್ಪಿಗೆ ಪಡೆಯಿರಿ. ಇಳಿಯುವ ದಾರಿಗಿಂತ ಮೊದಲು ಹತ್ತುವ ದಾರಿ ನೋಡಿ. ನೆಟ್ಟಗೆ ಕೊಯ್ದ ಗೋಡೆಯಿಂದ ಜಿಗಿಯಬಹುದು, 20 ಕಿಲೋ ಸಾಮಾನು ಹೊತ್ತು ಹತ್ತಲಾಗದು. ಲಾರಿ ಓಡಾಡಿದ ಇಳಿಜಾರು ನೀರೊಳಗೆ ಹೋದ ಜಾಗ ಸರಿ. ಮೀಟರಿಗೊಂದು ಗಂಟು ಹಾಕಿದ ಹಗ್ಗಕ್ಕೆ ಕಲ್ಲು ಕಟ್ಟಿ ಆಳ ಅಳೆಯಿರಿ. ಮಳೆಯ ರಾಡಿ ತಳ ಸೇರಿದ ಮೇಲೆ, ಚಳಿಗಾಲವೇ ಹದ.

ಇನ್ನು ತೇಲದೆ ಮುಳುಗಲು ಸೊಂಟಕ್ಕೆ ಕಟ್ಟುವ ಸೀಸದ ಬೆಲ್ಟ್. ಸಿಹಿನೀರು ಉಪ್ಪುನೀರಿಗಿಂತ ಸುಮಾರು ಶೇ 2.5 ಹಗುರ, ತೇಲಿಸುವ ಬಲವೂ ಅಷ್ಟೇ ಕಮ್ಮಿ. ಮೈ, ಸೂಟು, ಸಿಲಿಂಡರ್ ಸೇರಿ 100 ಕಿಲೋ ಆಗುವವರು ಸಮುದ್ರದಲ್ಲಿ ಕಟ್ಟಿದ್ದರಲ್ಲಿ 2ರಿಂದ 2.5 ಕಿಲೋ ಬಿಚ್ಚಬೇಕು. ದಂಡೆಯ ಹತ್ತಿರವೇ ಪರೀಕ್ಷಿಸಿ: ಗಾಳಿ ತುಂಬಿಸಿ ತೇಲಲು ತೊಡುವ ಜಾಕೆಟ್ಟಿನ ಗಾಳಿ ಪೂರ್ತಿ ಬಿಟ್ಟು, ಮಾಮೂಲಿ ಉಸಿರು ತುಂಬಿ, ಕಾಲಾಡಿಸದೆ ನೆಟ್ಟಗೆ ನಿಂತರೆ ನೀರು ಕಣ್ಣಿನ ಮಟ್ಟಕ್ಕಿರಬೇಕು, ಉಸಿರು ಬಿಟ್ಟರೆ ಮೆಲ್ಲಗೆ ಇಳಿಯಬೇಕು. ಸಿಲಿಂಡರ್ ತುಂಬಿದ್ದರೆ ಇದರ ಮೇಲೆ ಇನ್ನೆರಡು ಕಿಲೋ ಸೇರಿಸಿ. 11 ಲೀಟರಿನ ಸಿಲಿಂಡರಿನಲ್ಲಿ 200 ಬಾರ್ ಒತ್ತಡದಲ್ಲಿ ತುಂಬಿದ ಗಾಳಿಯ ತೂಕವೇ ಎರಡೂವರೆ ಕಿಲೋ. ಸೀಸ ಸೇರಿಸದಿದ್ದರೆ ಅದು ತೀರುತ್ತ ಬಂದಾಗ ಬೆಂಡಿನ ಹಾಗೆ ಮೇಲೇಳುತ್ತೀರಿ.

ಸೀಸ ಹೆಚ್ಚಾದರೆ ತಳ ಮುಟ್ಟುತ್ತೀರಿ. ಅಲ್ಲಿರುವುದು ಕಲ್ಲು ಕೊಯ್ದ ಹಿಟ್ಟು, ಒಂದೇ ಒದೆತಕ್ಕೆ ಎದ್ದು ಕಣ್ಣೆದುರಿನ ಗೇಜ್ ಕೂಡ ಮಸುಕಾಗುತ್ತದೆ. ತಳದಿಂದ 2 ಮೀಟರ್ ಮೇಲಿರಿ. ಕಾಲಿಗೆ ತೊಟ್ಟ ಫಿನ್ ಮೇಲೆ ಕೆಳಗೆ ಬಡಿಯದೆ, ಮಂಡಿ ಮಡಚಿ ಕಪ್ಪೆಯಂತೆ ಹಿಂದಕ್ಕೆ ತಳ್ಳಿ. ಜೋಡಿದಾರ ಕಾಣದಾದರೆ ಒಂದೇ ನಿಮಿಷ ಹುಡುಕಿ, ಆಮೇಲೆ ಇಬ್ಬರೂ ಮೇಲೆ. ಬಿಟ್ಟುಹೋದ ಉಕ್ಕಿನ ತಂತಿಗೆ ಚಾಕು ನಡೆಯದು, ದೂರವಿರಿ.

ಮೀಟರಿಗೊಮ್ಮೆ ಕಿವಿ ಬಿಡಿಸಿಕೊಳ್ಳುತ್ತ ಇಳಿಯಿರಿ. ಮೇಲೆ ಬೆಚ್ಚಗಿದ್ದ ನೀರು ಕೆಳಗೆ ಒಮ್ಮೆಲೆ ಕೊರೆಯುತ್ತದೆ. ಬೆಚ್ಚಿಬಿದ್ದು ಉಸಿರು ಹಿಡಿಯಬಾರದು. ಹೊಸಬರ ಮಿತಿ 18 ಮೀಟರ್. ಸಿಲಿಂಡರಿನ ಗಾಳಿ 100 ಬಾರ್‌ಗೆ ಇಳಿದಾಗ ಹಿಂತಿರುಗಿ. ನಿಮಿಷಕ್ಕೆ 9 ಮೀಟರ್ ಮೀರದೆ ಏರಿ. 5 ಮೀಟರಿನಲ್ಲಿ 3 ನಿಮಿಷ ನಿಂತು, 50 ಬಾರ್ ಉಳಿದಿರುವಾಗ ಹೊರಬನ್ನಿ. ದಂಡೆಯಲ್ಲಿ ಆಮ್ಲಜನಕದ ಕಿಟ್ ಮತ್ತು ಅದನ್ನು ಬಳಸಬಲ್ಲ ಒಬ್ಬರು ಇರಲೇಬೇಕು.

ಬಹಳ ಜನ ಮರೆಯುವುದು ಎತ್ತರ. 300 ಮೀಟರ್ ದಾಟಿದರೆ ಎಷ್ಟು ಆಳದಲ್ಲಿ ಎಷ್ಟು ಹೊತ್ತು ಇರಬಹುದು ಎಂದು ಹೇಳುವ ಸಮುದ್ರಮಟ್ಟದ ಟೇಬಲ್ ನೇರವಾಗಿ ಹೊಂದದು; ನಮ್ಮ ಬಯಲು 500 ಮೀಟರ್ ದಾಟಿದೆ, ಬೆಳಗಾವಿ ಸುಮಾರು 750. ಅದೇ ಲೆಕ್ಕವನ್ನು ನೀರಲ್ಲೇ ಮಾಡುವ ಕೆಲವು ಡೈವ್ ಕಂಪ್ಯೂಟರ್ ಎತ್ತರವನ್ನು ತಾವೇ ಗುರುತಿಸುತ್ತವೆ, ಕೆಲವಕ್ಕೆ ನಾವೇ ಹೇಳಬೇಕು. ಇದೇ ಕಾರಣಕ್ಕೆ ಮಾಲ್ವಣದಲ್ಲಿ ಎರಡು ಮೂರು ಡೈವ್ ಮಾಡಿ ಅದೇ ಸಂಜೆ ಅಂಬೋಲಿ ಘಾಟ್ ಹತ್ತಿ ಬೆಳಗಾವಿಗೆ ಗಾಡಿ ಓಡಿಸಬೇಡಿ: ಮೈಯಲ್ಲಿ ಉಳಿದ ಸಾರಜನಕಕ್ಕೆ ಅದೂ ಒಂದು ಏರಿಕೆಯೇ. ರಾತ್ರಿ ಅಲ್ಲೇ ತಂಗಿ ಬೆಳಿಗ್ಗೆ ಹೊರಡಿ.