ನಾಯಿ-ಬೆಕ್ಕು ಬಿಟ್ಟು ಗಂಜ್‌ನ ಪಟ್ಟಿಯಿಂದ ಜಾವಾ ಕಲಿತದ್ದು

ಆರು ವಾರ ಇನ್‌ಹೆರಿಟೆನ್ಸ್ (ಒಂದು ಕ್ಲಾಸ್, ಅಂದರೆ ಅಚ್ಚು, ತನ್ನ ಗುಣವನ್ನು ಮಕ್ಕಳ ಕ್ಲಾಸಿಗೆ ಕೊಡುವುದು) ಮುಟ್ಟದೆ ಜಾವಾ ಪ್ರೋಗ್ರಾಮಿಂಗ್ ಭಾಷೆ ಕಲಿಯುತ್ತೇನೆ ಅಂದಾಗ ಸಂಗಡಿಗರು ನಕ್ಕಿದ್ದರು. “ಅದು ಬಿಟ್ಟರೆ ಊಪ್ಸ್‌ನಾಗ (ಆಬ್ಜೆಕ್ಟ್ ಇಟ್ಟು ಪ್ರೋಗ್ರಾಂ ಕಟ್ಟುವ ರೀತಿಯಲ್ಲಿ) ಏನೈತ್ರಿ?” ಈಗ ಅದೇ ಮಂದಿ ಕೋಡ್ ಕೇಳುತ್ತಿದ್ದಾರೆ.

ಹಿಂದೆ ಎರಡು ಸಲ ಬಿಟ್ಟದ್ದೂ ಒಂದೇ ಜಾಗದಲ್ಲಿ: ಪ್ರಾಣಿ ಒಂದು ಕ್ಲಾಸ್, ಅದರ ಕೆಳಗೆ ನಾಯಿ, ನಾಯಿ ಬೊಗಳುತ್ತದೆ. ಬೊಗಳಿಸಿದ ಮೇಲೆ ಮಾಡಲು ಕೆಲಸವೇ ಇರುವುದಿಲ್ಲ. ಕೋಚಿಂಗಿಗೆ ಕಟ್ಟಿದ ಸುಮಾರು 9 ಸಾವಿರ ಅಲ್ಲೇ ಮುಳುಗಿತು. ಮೂರನೇ ಸಲದ ಖರ್ಚು 8 ಜಿಬಿಯ ಹಳೇ ಲ್ಯಾಪ್‌ಟಾಪಿಗೆ 14 ಸಾವಿರದ ಹತ್ತಿರ, ಮತ್ತೊಂದು ನೋಟ್‌ಬುಕ್. ಜೆಡಿಕೆ (ಜಾವಾ ಬರೆಯಲು ಬೇಕಾದ ಸಾಫ್ಟ್‌ವೇರ್) ಪುಕ್ಕಟೆ. ಮೊದಲ ತಿಂಗಳು ಐಡಿಇ (ಕೋಡ್ ಬರೆಯಲು ನೆರವಾಗುವ ದೊಡ್ಡ ಸಾಫ್ಟ್‌ವೇರ್) ಹಾಕಲಿಲ್ಲ. ಎಡಿಟರ್ ಮತ್ತು ಜಾವಾಸಿ (ಜಾವಾದ ಕಂಪೈಲರ್) ಸಾಕು.

ತೆಗೆದುಕೊಂಡ ವಿಷಯ, ಕಲಬುರಗಿ ಗಂಜ್‌ನಲ್ಲಿ (ಕಾಳಿನ ಮಾರುಕಟ್ಟೆ) ತೊಗರಿ ಮಾರಿದವರಿಗೆ ಅಡತಿ (ದಲಾಲಿ) ಅಂಗಡಿಯವರು ಕೊಡುವ ಪಟ್ಟಿ, ಅಂದರೆ ಲೆಕ್ಕದ ಚೀಟಿ. ಎರಡು ವಾರ ಒಂದೇ ಕ್ಲಾಸ್: ಚೀಲ. ತೂಕ, ಧಾರಣೆ, ಮೊತ್ತ ಹೇಳುವ ಒಂದು ಮೆಥಡ್. ತೂಕ ಪ್ರೈವೇಟ್ (ಹೊರಗಿನ ಕೋಡ್ ಮುಟ್ಟುವಂತಿಲ್ಲ), ಸೊನ್ನೆ ಅಥವಾ ಮೈನಸ್ ಬಂದರೆ ಕನ್‌ಸ್ಟ್ರಕ್ಟರ್ (ಚೀಲ ಹುಟ್ಟಿಸುವ ಭಾಗ) ಅಲ್ಲೇ ಎಕ್ಸೆಪ್ಶನ್ (ತಪ್ಪಿನ ಸೂಚನೆ) ಎಸೆಯಬೇಕು. ಎಲ್ಲಕ್ಕೂ ಸೆಟರ್ (ಒಳಗಿನದನ್ನು ಹೊರಗಿನಿಂದ ಬದಲಿಸುವ ಮೆಥಡ್) ಬರೆಯುವ ಚಟ ಬೇಡ, ಬರೆದರೆ ಪ್ರೈವೇಟ್ ಮಾಡಿ ಏನು ಬಂತು? ತೂಕ ಬದಲಾಗುವ ದಾರಿ ಒಂದೇ: ‘ತೇವಕಳೆ’ ಮೆಥಡ್.

ಆ ಮೆಥಡ್ಡೇ ದೊಡ್ಡ ಪಾಠ ಕಲಿಸಿತು. 52 ಕಿಲೋದ ಚೀಲ ‘ಅ’. ‘ಆ = ಅ’ ಅಂತ ಬರೆದು, ‘ಆ’ದಿಂದ 2 ಕಿಲೋ ತೇವ ಕಳೆದೆ. ‘ಅ’ ಮುದ್ರಿಸಿದರೆ 50! ಎರಡನೇ ಚೀಲ ಹುಟ್ಟಿಯೇ ಇಲ್ಲ, ಇದ್ದ ಒಂದೇ ಚೀಲಕ್ಕೆ ಎರಡು ಚೀಟಿ ಅಂಟಿವೆ. ನೋಟ್‌ಬುಕ್ಕಿನಲ್ಲಿ ಆಬ್ಜೆಕ್ಟಿಗೆ ಚೌಕ, ವೇರಿಯಬಲ್ಲಿಗೆ ಬಾಣ ಬರೆಯದೆ ಮುಂದೆ ಹೋಗಬೇಡಿ.

ಧಾರಣೆ ಕ್ವಿಂಟಲಿಗೆ, ತೂಕ ಕಿಲೋದಲ್ಲಿ. ದುಡ್ಡು ಜಾರಿದ್ದು ಇಲ್ಲಿ. 7450ನ್ನು ಮೊದಲೇ 100ರಿಂದ ಭಾಗಿಸಿದರೆ ಇಂಟ್ (ಪೂರ್ಣಾಂಕ) ಲೆಕ್ಕದಲ್ಲಿ 74 ಆಗಿ, 52 ಕಿಲೋಗೆ 3848 ಬರುತ್ತದೆ. ಮೊದಲು ಗುಣಿಸಿ ಆಮೇಲೆ ಭಾಗಿಸಿದರೆ 3874. ಚೀಲಕ್ಕೆ 26 ರೂಪಾಯಿ ಖೋತಾ! ಡಬಲ್ (ದಶಮಾಂಶದ ಸಂಖ್ಯೆ) ಹಾಕಿದರೆ ಬೇರೆ ಕಾಟ, 0.1ಕ್ಕೆ 0.2 ಕೂಡಿದರೆ 0.30000000000000004. ಕೊನೆಗೆ ಎಲ್ಲವನ್ನೂ ಪೈಸೆಯಲ್ಲಿ, ಲಾಂಗ್‌ನಲ್ಲಿ (ದೊಡ್ಡ ಪೂರ್ಣಾಂಕ) ಇಟ್ಟೆ. ರೌಂಡಿಂಗ್ ಚೀಲಕ್ಕೋ ಪಟ್ಟಿಯ ಕೊನೆಗೋ? ಆ ಗುಟ್ಟು ನನ್ನ ಹತ್ತಿರವೇ ಇರಲಿ.

ರೈತರ ಖಾತೆ ನಂಬರನ್ನು ಇಂಟೀಜರ್ ಆಬ್ಜೆಕ್ಟ್ ಮಾಡಿ == (ಎರಡೂ ಒಂದೇ ಆಬ್ಜೆಕ್ಟಾ ಅಂತ ನೋಡುವ ಗುರುತು) ಹಾಕಿ ಹೋಲಿಸಿದ್ದೆ. 127ರ ತನಕ ಸರಿ. 128ರಿಂದ ಅದೇ ರೈತ ಬೇರೆಯವನಾದ. -128ರಿಂದ 127ರವರೆಗಿನ ಆಬ್ಜೆಕ್ಟ್‌ಗಳನ್ನು ಜಾವಾ ತಯಾರಿಟ್ಟುಕೊಂಡು ಅವನ್ನೇ ಕೊಡುತ್ತದೆ, ಆಮೇಲಿನವು ಪ್ರತಿ ಸಲ ಹೊಸವು. ಈಕ್ವಲ್ಸ್ (ಒಳಗಿನ ಸಂಖ್ಯೆ ನೋಡಿ ಹೋಲಿಸುವ ಮೆಥಡ್) ಹಾಕಿ, ಇಲ್ಲವೇ ಸಾದಾ ಇಂಟ್. ಹತ್ತು ಖಾತೆ ಇಟ್ಟು ಪರೀಕ್ಷೆ ಮಾಡುವವರಿಗೆ ಇದು ಸಿಗುವುದೇ ಇಲ್ಲ.

ಏಳನೇ ವಾರ ಚೀಲದ ಕೆಳಗೆ ತೊಗರಿ, ಕಡಲೆ, ಹೆಸರು ಅಂತ ಮೂರು ಮಕ್ಕಳ ಕ್ಲಾಸ್ ಬರೆದೆ, ಎರಡೇ ದಿನಕ್ಕೆ ಅಳಿಸಿದೆ. ಬದಲಾಗುವುದು ಹೆಸರು, ಧಾರಣೆ ಮಾತ್ರ. ಅದಕ್ಕೆ ಫೀಲ್ಡ್ ಸಾಕು. ಆದರೆ ಹಮಾಲಿ ಚೀಲಕ್ಕಿಷ್ಟು, ದಲಾಲಿ ನೂರಕ್ಕಿಷ್ಟು (ಅದು ಯಾರ ತಲೆ ಮೇಲೆ ಬೀಳಬೇಕು ಅನ್ನುವುದು ಬೇರೆ ಜಗಳ). ಲೆಕ್ಕದ ರೀತಿಯೇ ಬೇರೆ, ಹಾಗಾಗಿ ‘ಖರ್ಚು’ ಅಂತ ಇಂಟರ್‌ಫೇಸ್ (ಯಾವ ಮೆಥಡ್ ಇರಬೇಕು ಅಂತಷ್ಟೇ ಹೇಳುವ ಕರಾರು). ಪಟ್ಟಿಯೊಳಗೆ ಒಂದು ಲಿಸ್ಟ್, ಒಂದು ಲೂಪ್, ಒಂದೂ ಇಫ್ ಇಲ್ಲ. ಆಮೇಲೆ ತೂಕದ ಚಾರ್ಜ್ ಸೇರಿಸುವಾಗ ಪಟ್ಟಿ ಕ್ಲಾಸಿನ ಒಂದು ಸಾಲೂ ಮುಟ್ಟಲಿಲ್ಲ. ಪಾಲಿಮಾರ್ಫಿಸಂ (ಒಂದೇ ಕರೆಗೆ ಪ್ರತಿ ಕ್ಲಾಸೂ ತನ್ನದೇ ರೀತಿಯಲ್ಲಿ ಉತ್ತರಿಸುವುದು) ಅಂದರೆ ಇಷ್ಟೇ.

ನಡುವೆ ಒಂದು ಹುಚ್ಚು: ಹೆಸರೆಲ್ಲ ಕನ್ನಡದಲ್ಲಿ. ಜಾವಾ ಒಪ್ಪುತ್ತದೆ. ವಿಂಡೋಸ್‌ನಲ್ಲಿ ಜೆಡಿಕೆ 17 ಇದ್ದರೆ ಕಂಪೈಲ್ ಮಾಡುವಾಗ ಯುಟಿಎಫ್-8 ಎನ್‌ಕೋಡಿಂಗ್ (ಅಕ್ಷರಗಳನ್ನು ಫೈಲಿನಲ್ಲಿ ಬರೆದಿಡುವ ರೀತಿ) ಅಂತ ಹೇಳಿಕೊಡಬೇಕು. 18ರಿಂದ ಅದೇ ಡೀಫಾಲ್ಟ್. ಪಬ್ಲಿಕ್ ಕ್ಲಾಸಾದರೆ ಫೈಲ್ ಹೆಸರೂ ಕನ್ನಡದಲ್ಲೇ ಬೇಕು. ಕೀಬೋರ್ಡ್ ಬದಲಿಸಿ ಬದಲಿಸಿ ಬೇಸತ್ತು, ಮೆಥಡ್‌ಗಳಿಗಷ್ಟೇ ಕನ್ನಡ ಉಳಿಸಿದೆ. ‘ತೇವಕಳೆ’ಗೆ ಇಂಗ್ಲಿಷ್ ಹೆಸರು ಹುಡುಕುವ ತಲೆನೋವಾದರೂ ತಪ್ಪಿತು.