ದಿನದ ಊಟಕ್ಕೆ ನಾನು ಆರಿಸುವ ರೆಡ್ ವೈನ್

ದಿನದ ಊಟಕ್ಕೆ ರೆಡ್ ವೈನ್ ಆರಿಸುವಾಗ ನಾನು ನೋಡುವುದು ಎರಡೇ. ಹುಳಿ ಚೆನ್ನಾಗಿರಬೇಕು, ಒಗರು ಕಮ್ಮಿ ಇರಬೇಕು. ದ್ರಾಕ್ಷಿಯ ಹೆಸರು, ಇಸವಿ ಎಲ್ಲ ಆಮೇಲೆ.

ಒಗರು ಅಂದರೆ ಟ್ಯಾನಿನ್. ದ್ರಾಕ್ಷಿಯ ಸಿಪ್ಪೆ, ಬೀಜಗಳಿಂದ ಬರುತ್ತದೆ. ಹಾಲು ಹಾಕದ ಗಟ್ಟಿ ಟೀ ಕುಡಿದಾಗ ನಾಲಿಗೆ, ಒಸಡು ಒಣಗಿ ಹಿಡಿದಂತಾಗುತ್ತದಲ್ಲ, ಅದೇ. ಕ್ಯಾಬರ್ನೆ ಸೊವಿನ್ಯೋನ್ ದ್ರಾಕ್ಷಿಯ ವೈನಿನಲ್ಲಿ ಇದು ಜಾಸ್ತಿ. ತಟ್ಟೆಯಲ್ಲಿ ಕೊಬ್ಬಿರುವ ಮಾಂಸ ಇದ್ದರೆ ಅದರ ಜೊತೆ ಸೇರಿ ಒಗರು ಮೆತ್ತಗಾಗುತ್ತದೆ. ಆದರೆ ದಿನಾ ಬೇಯುವುದು ಬೇಳೆ, ತರಕಾರಿ, ಮೊಟ್ಟೆ, ಪಾಸ್ತಾ. ಅಲ್ಲಿ ಟ್ಯಾನಿನ್‌ಗೆ ಅಂಟಿಕೊಳ್ಳಲು ಅಂಥದ್ದು ಅಷ್ಟಾಗಿ ಸಿಗುವುದಿಲ್ಲ. ನಮ್ಮ ಜೊಲ್ಲನ್ನೇ ಹಿಡಿದುಕೊಳ್ಳುತ್ತದೆ!

ಹಾಗಾಗಿ ನನ್ನ ಮೊದಲ ಆಯ್ಕೆ ಬಾರ್ಬೆರಾ. ಇಟಲಿಯ ಪೀಡ್‌ಮಾಂಟ್ ಕಡೆಯ ದ್ರಾಕ್ಷಿಯ ವೈನ್. ಬಣ್ಣ ನೋಡಿದರೆ ಕಡು ಕೆಂಪು, ಭಾರೀ ವೈನ್ ಅನ್ನಿಸುತ್ತದೆ. ಬಾಯಿಗೆ ಹಾಕಿದರೆ ಚೆರ್‍ರಿ ಹಣ್ಣಿನ ಹುಳಿ, ಒಗರು ಇಲ್ಲವೇ ಇಲ್ಲ ಅನ್ನುವಷ್ಟು ಕಮ್ಮಿ. ಟೊಮೇಟೊ ಹಾಕಿದ ಯಾವ ಅಡುಗೆಗೂ ಇದನ್ನು ಕಣ್ಣು ಮುಚ್ಚಿ ತೆರೆಯುತ್ತೇನೆ. ಊಟದ ಹುಳಿಗಿಂತ ವೈನಿನ ಹುಳಿ ಕಮ್ಮಿಯಾದರೆ ವೈನು ಸಪ್ಪೆಯಾಗಿಬಿಡುತ್ತದೆ. ಬಾರ್ಬೆರಾಗೆ ಆ ಗತಿ ಬರುವುದು ಅಪರೂಪ. ಒಂದು ಸಣ್ಣ ವಿಷಯ: ಲೇಬಲ್ ಮೇಲೆ 'ಬಾರ್ಬೆರಾ ದಾಸ್ತಿ ಸುಪೀರಿಯೋರೆ' ಅಂತಿದ್ದರೆ ಅದು ಕೆಲವು ತಿಂಗಳು ಮರದ ಪೀಪಾಯಿಯಲ್ಲಿ ಕೂತು ಬಂದದ್ದು. ಒಳ್ಳೆಯದೇ, ಆದರೆ ಸುಮ್ನೆ ಊಟದ ಜೊತೆ ಕುಡಿಯಲು ನನಗೆ ಸಾದಾ ಬಾಟಲೇ ಇಷ್ಟ.

ಎರಡನೆಯದು ಫ್ರಾನ್ಸಿನ ಬೋಜೊಲೆ. ಗಮೇ ದ್ರಾಕ್ಷಿಯದು. 1395ರಲ್ಲಿ ಬರ್ಗಂಡಿಯ ಡ್ಯೂಕ್ ಫಿಲಿಪ್ ಈ ಬಳ್ಳಿಯನ್ನು ಕಿತ್ತುಹಾಕಿ ಅಂತ ಆಜ್ಞೆ ಮಾಡಿದ್ದ. ಪುಣ್ಯಕ್ಕೆ ದಕ್ಷಿಣದ ಬೋಜೊಲೆಯಲ್ಲಿ ಅದು ಉಳಿದುಕೊಂಡಿತು. ಇಲ್ಲಿ ಎಷ್ಟೋ ಜನ ಗೊಂಚಲನ್ನು ಹಿಂಡದೆ ಇಡಿಯಾಗಿ ತೊಟ್ಟಿಗೆ ತುಂಬುತ್ತಾರೆ. ಕಾರ್ಬನ್ ಡೈಆಕ್ಸೈಡ್ ತುಂಬಿಕೊಂಡು, ಹುದುಗು ಹಣ್ಣಿನ ಒಳಗೇ ಶುರುವಾಗುತ್ತದೆ. ಸಿಪ್ಪೆ, ಬೀಜ ರಸದಲ್ಲಿ ಜಾಸ್ತಿ ನೆನೆಯದ ಕಾರಣ ಒಗರು ಇಳಿಯುವುದೂ ಕಮ್ಮಿ. ಹಣ್ಣಿನ ಘಮ ಜೋರಾಗಿರುವುದರಿಂದ ಸಿಹಿ ಇದೆಯೇನೋ ಅನ್ನಿಸಬಹುದು. ಇಲ್ಲ, ಡ್ರೈಯೇ. ಸಕ್ಕರೆ ಹೆಚ್ಚೂಕಮ್ಮಿ ಪೂರ್ತಿ ಆಲ್ಕೋಹಾಲ್ ಆಗಿರುತ್ತದೆ.

ಖಾರದ ಅಡುಗೆ ಇದ್ದ ದಿನ ಲೇಬಲ್ಲಿನಲ್ಲಿ ಆಲ್ಕೋಹಾಲ್ ಎಷ್ಟು ಅಂತ ನೋಡುತ್ತೇನೆ. ಮೆಣಸಿನಕಾಯಿಯ ಉರಿಯನ್ನು ಆಲ್ಕೋಹಾಲ್ ಇನ್ನೂ ಕೆದಕುತ್ತದೆ. 12.5, 13 ಶೇಕಡಾ ಇದ್ದರೆ ನಡೆಯುತ್ತದೆ. 14.5 ಇದ್ದರೆ ಅದನ್ನು ಬೇರೆ ದಿನಕ್ಕೆ ಎತ್ತಿಡುತ್ತೇನೆ.

ಇನ್ನು ತಣ್ಣಗೆ ಮಾಡುವ ವಿಚಾರ. ಇದರಲ್ಲಿ ನಾನು ಸ್ವಲ್ಪ ಹಟಮಾರಿ. ರೆಡ್ ವೈನನ್ನು ಕೋಣೆಯ ಬಿಸಿಯಲ್ಲೇ ಕುಡಿಯಬೇಕು ಅನ್ನುತ್ತಾರೆ. ಯಾವ ಕೋಣೆ ಸ್ವಾಮಿ? 28 ಡಿಗ್ರಿಯಲ್ಲಿ ಗ್ಲಾಸಿನಿಂದ ಮೊದಲು ಮೂಗಿಗೆ ಹೊಡೆಯುವುದು ಆಲ್ಕೋಹಾಲ್. ನಾನು ಊಟಕ್ಕೆ ಒಂದೂವರೆ ಗಂಟೆ ಮುಂಚೆ ಬಾಟಲನ್ನು ಫ್ರಿಜ್ಜಿನಲ್ಲಿಡುತ್ತೇನೆ. ಸೆಕೆ ಜಾಸ್ತಿ ಇದ್ದರೆ ಎರಡು ಗಂಟೆ. 14–15 ಡಿಗ್ರಿ ಆಸುಪಾಸಿಗೆ ಬಂದರೆ ಹಣ್ಣಿನ ರುಚಿ ಬಿಗಿಯಾಗುತ್ತದೆ, ಹುಳಿ ಚುರುಕಾಗುತ್ತದೆ. ಒಗರು ಜಾಸ್ತಿ ಇರುವ ವೈನಿಗೆ ಮಾತ್ರ ಹೀಗೆ ಮಾಡಬೇಡಿ. ತಣ್ಣಗಾದಷ್ಟೂ ಅದು ಬಾಯಿ ಹಿಡಿಯುತ್ತದೆ.

ಸುರಿದ ಮೇಲೆ ಮೊದಲು ಬರೀ ವೈನ್ ಒಂದು ಗುಟುಕು, ಆಮೇಲೆ ಒಂದು ತುತ್ತು, ಮತ್ತೆ ಒಂದು ಗುಟುಕು. ಎರಡನೇ ಗುಟುಕು ಕಹಿ, ಒರಟು ಅನ್ನಿಸಿದರೆ ಪಲ್ಯಕ್ಕೋ ಸಾಸಿಗೋ ಚಿಟಿಕೆ ಉಪ್ಪು, ಎರಡು ಹನಿ ನಿಂಬೆರಸ ಹಾಕಿ ನೋಡಿ. ಅದೇ ವೈನು ಎಷ್ಟು ಮೃದುವಾಗುತ್ತದೆ ಅಂದರೆ ಬಾಟಲ್ ಬದಲಾಯಿಸಿದರೇನೋ ಅನ್ನಿಸುತ್ತದೆ.

750 ಮಿಲಿ ಬಾಟಲು ಒಂದೇ ಊಟಕ್ಕೆ ಮುಗಿಯುವುದಿಲ್ಲ, ಅಲ್ವಾ? ತೆರೆದ ಕೂಡಲೇ ಅರ್ಧವನ್ನು ಚಿಕ್ಕ ಬಾಟಲಿಗೆ ಕತ್ತಿನ ತನಕ ತುಂಬಿ, ಬಿಗಿಯಾಗಿ ಮುಚ್ಚಿ ಫ್ರಿಜ್ಜಿಗೆ ಹಾಕುತ್ತೇನೆ. ಗಾಳಿಗೆ ಜಾಗವಿಲ್ಲದ್ದರಿಂದ ಮೂರು–ನಾಲ್ಕು ದಿನ ಆರಾಮಾಗಿ ತಡೆಯುತ್ತದೆ. ಅಷ್ಟರಲ್ಲೂ ಮುಗಿಯದಿದ್ದರೆ ಟೊಮೇಟೊ ಸಾಸಿಗೆ ಸುರಿದು ಕುದಿಸುತ್ತೇನೆ.